ಎರಡು ಕೈಯ ಮಾತು

ಆಸ್ಪತ್ರೆಗಳ ಬಟ್ಟೆ ಒಗೆದು ಕೊಡುವ ಆ ಲಾಂಡ್ರಿಯಲ್ಲಿ ಎಲ್ಲರೂ ಅವನನ್ನು ಚೀಟಿಯಣ್ಣ ಎಂದೇ ಕರೆಯುತ್ತಿದ್ದರು. ಅಂಗಿಯ ಜೇಬಿನಲ್ಲಿ ಸದಾ ಒಂದು ಸಣ್ಣ ಚೀಟಿಪುಸ್ತಕ, ಅದಕ್ಕೆ ದಾರ ಕಟ್ಟಿದ ಒಂದು ಗಿಡ್ಡ ಪೆನ್ಸಿಲ್ಲು. ಹುಟ್ಟಿನಿಂದಲೇ ಕಿವಿ ಕೇಳದವನು; ಹೇಳುವುದು ಏನಾದರೂ ಇದ್ದರೆ ಬರೆದು, ಹರಿದು, ಕೈಗೆ ಕೊಡುತ್ತಿದ್ದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಸ್ತ್ರಿ ಅವನನ್ನು ದೊಡ್ಡ ಇಸ್ತ್ರಿ ಯಂತ್ರದ ಮುಂದೆ ನಿಲ್ಲಿಸಿದ. ಅದರ ಗದ್ದಲ ತಡೆಯಲಾರದೆ ಮೂರು ತಿಂಗಳಿಗಿಂತ ಹೆಚ್ಚು ಯಾರೂ ಅಲ್ಲಿ ನಿಂತವರಿರಲಿಲ್ಲ. ಇವನು ಇಪ್ಪತ್ತಾರು ವರ್ಷ ನಿಂತ. ಆ ಯಂತ್ರದ ಜೊತೆ ಹೊಂದಿಕೊಂಡು ಸಂಸಾರ ಮಾಡಿದವನು ಇವನೊಬ್ಬನೇ ಎಂದು ಮೇಸ್ತ್ರಿ ಹೊಸಬರ ಮುಂದೆ ಹೇಳಿ ನಗುತ್ತಿದ್ದ. ತುಟಿ ನೋಡಿ ಅರ್ಥ ಮಾಡಿಕೊಂಡು ಚೀಟಿಯಣ್ಣನೂ ನಗುತ್ತಿದ್ದ. ನಿಜಕ್ಕೂ ಅವನಿಗೆ ಬೇರೆ ಸಂಸಾರ ಇರಲಿಲ್ಲ.

ಒದ್ದೆ ಹಾಸುಬಟ್ಟೆ ಯಂತ್ರದ ಬಿಸಿ ಉರುಳೆಗಳ ನಡುವೆ ಹೋಗಿ, ಈಚೆ ಬದಿಗೆ ಹಪ್ಪಳದಂತೆ ಒಣಗಿ ಬರುತ್ತಿತ್ತು. ಎರಡು ತುದಿ ಇವನು ಹಿಡಿಯಬೇಕು, ಇನ್ನೆರಡು ತುದಿ ಎದುರಿಗಿದ್ದವನು. ಇಬ್ಬರೂ ಹತ್ತಿರ ಬಂದು ಮಡಿಸಬೇಕು, ಮತ್ತೆ ದೂರ ಹೋಗಬೇಕು. ಕಿವಿಗೆ ಹತ್ತಿ ತುರುಕಿಕೊಂಡು ದಿನಕ್ಕೆ ನಾನೂರು ಸಲ ಹೀಗೆ ಎದುರಾಬದುರು ಬರುವ ಆ ಜೊತೆಗಾರನೊಡನೆ ಹನ್ನೊಂದು ವರ್ಷದಲ್ಲಿ ಆಡಿದ ಮಾತೆಂದರೆ ‘ನಾಳೆ ರಜಾನಾ’, ‘ಜ್ವರ ಬಿಡ್ತಾ’, ‘ಅಂಚು ಹರಿದಿದೆ ನೋಡು’ ಇಷ್ಟೇ. ಜೊತೆಗಾರ ಕೆಟ್ಟವನಲ್ಲ. ಆದರೆ ಚೀಟಿಯಲ್ಲಿ ಹರಟೆ ಹೊಡೆಯಲು ಯಾರಿಗೆ ತಾನೇ ಬರುತ್ತದೆ? ಅರ್ಧ ಬರೆಯುವಷ್ಟರಲ್ಲಿ ನಗು ಆರಿಹೋಗಿರುತ್ತದೆ.

ಅವನಿಗೆ ಹರಟಲು ಜಗತ್ತಿನಲ್ಲಿ ಇದ್ದವಳು ಒಬ್ಬಳೇ, ಅವನ ಅಕ್ಕ.

ಅಕ್ಕನಿಗೂ ಕಿವಿ ಕೇಳುತ್ತಿರಲಿಲ್ಲ. ಅವನಿಗಿಂತ ಆರು ವರ್ಷ ದೊಡ್ಡವಳು. ಅವನು ಹುಟ್ಟುವ ಮುಂಚೆಯೇ ಅಮ್ಮ ಮತ್ತು ಅವಳು ಸೇರಿ ಮನೆಯೊಳಗೆ ಒಂದು ಮಾತು ಕಟ್ಟಿಕೊಂಡಿದ್ದರು. ಎರಡೂ ಕೈ ಹಿಂದೆ ಮಾಡಿ ತುರುಬು ಕಟ್ಟಿದರೆ ‘ಅಮ್ಮ’. ಅಪ್ಪ ಬಸ್ಸಿನ ಕಂಡಕ್ಟರು. ಎರಡು ಕೈಯಲ್ಲಿ ಟಿಕೆಟ್ ಹರಿದರೆ ‘ಅಪ್ಪ’. ಹೊಟ್ಟೆಯ ಮೇಲೆ ಎರಡೂ ಕೈಯಿಂದ ಒದ್ದೆ ಬಟ್ಟೆ ಹಿಂಡಿದಂತೆ ಹಿಂಡಿದರೆ ‘ಬೇಜಾರು’. ತಮ್ಮ ಹುಟ್ಟಿದಾಗ ಗುಂಡುಗುಂಡಾಗಿದ್ದನಂತೆ. ಅವಳು ತನ್ನ ಎರಡೂ ಕೆನ್ನೆ ಹಿಡಿದು ಹಿಂಡಿ ಅವನಿಗೆ ಹೆಸರಿಟ್ಟಳು. ಅವನಿಗೂ ಕೇಳಿಸುವುದಿಲ್ಲವೆಂದು ಗೊತ್ತಾದಾಗ ಅಮ್ಮ ಅತ್ತಳಂತೆ. ಅಕ್ಕನಿಗೆ ಮಾತ್ರ ಒಳಗೊಳಗೇ ಖುಷಿಯಾಗಿತ್ತಂತೆ. ದೊಡ್ಡವಳಾದ ಮೇಲೆ ಅವಳೇ ಅದನ್ನು ಅವನ ಹತ್ತಿರ ಒಪ್ಪಿಕೊಂಡಿದ್ದಳು.

ಅವನನ್ನು ಕಿವುಡ ಮಕ್ಕಳ ಶಾಲೆಗೆ ಹಾಕಿದರು. ಅಲ್ಲಿ ಬರೆಯುವುದು, ಓದುವುದು, ಶಾಲೆಯ ಸನ್ನೆಗಳು ಎಲ್ಲ ಬಂದವು. ಆ ಗೆಳೆಯರು ಆಮೇಲೆ ದಿಕ್ಕಿಗೊಬ್ಬರಾದರು. ಹುಡುಗಿಯನ್ನು ಅಷ್ಟು ದೂರ ಕಳಿಸುವುದೇಕೆ ಎಂದು ಅಕ್ಕನನ್ನು ಮನೆಯಲ್ಲೇ ಇಟ್ಟುಕೊಂಡರು. ಅವಳಿಗೆ ಒಂದಕ್ಷರವೂ ಬಾರದು. ಬೀಗ ರಿಪೇರಿ ಮಾಡುವವನೊಬ್ಬನ ಜೊತೆ ಮದುವೆಯಾಗಿ ಎರಡು ದಿನದ ರೈಲು ದಾರಿಯಷ್ಟು ದೂರ ಹೋದಳು. ಭಾವ ಸಜ್ಜನ. ಆದರೆ ಅವನಿಗಾಗಲಿ ಮಗಳಿಗಾಗಲಿ ಕೈಮಾತು ಬಂದದ್ದು ಊಟ, ನೀರು, ಬಾ, ಹೋಗು ಅನ್ನುವಷ್ಟೇ. ಅಮ್ಮ ತೀರಿಕೊಂಡ ಮೇಲೆ ಆ ಮಾತನ್ನು ಪೂರ್ತಿ ಬಲ್ಲವರು ಇಬ್ಬರೇ ಉಳಿದರು.

ಪ್ರತಿ ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಇಬ್ಬರೂ ವಿಡಿಯೋ ಕಾಲಿನಲ್ಲಿ ಕೂರುತ್ತಿದ್ದರು. ಅವನ ಹತ್ತಿರ ಒಂದು ಅಗ್ಗದ ಚಿಕ್ಕ ಟ್ಯಾಬು, ಅವಳ ಹತ್ತಿರ ಅಂಥದೇ ಇನ್ನೊಂದು. ಮುಖದಿಂದ ಎದೆಯವರೆಗೆ ಕಂಡರೆ ಅದರ ಕೆಲಸ ಮುಗಿಯಿತು. ಕೈ ಸ್ವಲ್ಪ ಜೋರಾಗಿ ಆಡಿಸಿದರೆ ಐದು ಬೆರಳೂ ಕಲಸಿ ಹಿಟ್ಟಾಗುತ್ತಿದ್ದವು. ಹಿಂದೆ ಸರಿದು ಕೂತರೆ ಮೈಯೆಲ್ಲ ಕಾಣುತ್ತಿತ್ತು, ಬೆರಳು ಕಾಣುತ್ತಿರಲಿಲ್ಲ. ಪಕ್ಕದ ಮನೆಯ ಮುದುಕನಿಗೆ ಹೊಸ ಹಲ್ಲಿನ ಸೆಟ್ಟು ಬಂತೆಂದು ಅವಳು ಹೇಳಿದ್ದನ್ನು ಹೊಸ ಬಾಗಿಲು ಬಂತೆಂದು ತಿಳಿದು, ಮರದ್ದಾ ಕಬ್ಬಿಣದ್ದಾ ಎಂದು ಅವನು ವಿಚಾರಿಸಿದ್ದ. ಅವಳು ಬಿದ್ದೂ ಬಿದ್ದೂ ನಕ್ಕಿದ್ದಳು. ಆದರೂ ನಡೆಯುತ್ತಿತ್ತು. ಅರ್ಥವಾಗದಿದ್ದರೆ ‘ಮತ್ತೆ ಹೇಳು’ ಅನ್ನುವುದು, ಅವಳು ಮತ್ತೆ ಹೇಳುವುದು.

ಆ ವರ್ಷ ಮಾತ್ರ ಏನೋ ಕೆಟ್ಟಿತು. ಮೊದಲು ಮೂರು ಭಾನುವಾರ ಅಕ್ಕ ಕೂರಲೇ ಇಲ್ಲ. ‘ಅಮ್ಮನಿಗೆ ಜ್ವರ’ ಎಂದು ಅಕ್ಕನ ಮಗಳು ಮೆಸೇಜು ಹಾಕಿದಳು. ಮತ್ತೆ ಶುರುವಾದ ಮೇಲೆ ಅಕ್ಕನ ಮಾತು ಅರ್ಧರ್ಧವೇ ತಲುಪುತ್ತಿತ್ತು. ಅವನನ್ನು ಕರೆಯುವಾಗಲೂ ಒಂದೇ ಕೆನ್ನೆ ಹಿಂಡಿದ್ದು ಕಾಣುತ್ತಿತ್ತು. ಇನ್ನೊಂದು ಕೈ ಚೌಕಟ್ಟಿನ ಆಚೆ ಉಳಿಯುತ್ತಿದೆ ಎಂದುಕೊಂಡು ಅವನು ‘ಈ ಕಡೆ ಸರಿ, ಆ ಕಡೆ ಸರಿ’ ಅನ್ನುತ್ತಿದ್ದ. ಅವಳು ಸರಿಯುತ್ತಿದ್ದಳು. ಏನೂ ಸರಿಹೋಗುತ್ತಿರಲಿಲ್ಲ. ಅವನು ಟ್ಯಾಬನ್ನು ಬೈದುಕೊಂಡ. ಗಾಜು ಒರೆಸಿದ. ಕಿಟಕಿಯ ಹತ್ತಿರ ಕೂತ. ಜೊತೆಗಾರನಿಗೆ ತೋರಿಸಿದ್ದಕ್ಕೆ ಅವನು ‘ಹಳೇದಾಯ್ತು ಬಿಡು’ ಎಂದು ಬರೆದುಕೊಟ್ಟ.

ಹೀಗಿರುವಾಗ ಒಂದು ಭಾನುವಾರ ಅಕ್ಕ ಬಹಳ ಹೊತ್ತು ಮಾತಾಡಿದಳು. ಮುಖ ಒಂದು ಥರ ಬಿಗಿದುಕೊಂಡಿತ್ತು. ಏನೋ ಕಥೆ ಹೇಳುತ್ತಿದ್ದಾಳೆ ಎಂದಷ್ಟೇ ಅವನಿಗೆ ಗೊತ್ತಾಯಿತು. ಬೆಳಗ್ಗೆ ಎಂದಳು, ಹಾಸಿಗೆ ಎಂದಳು, ಆಮೇಲೆ ಎಲ್ಲ ಕಲಸಿಹೋಯಿತು. ನಾಲ್ಕು ಸಲ ಮತ್ತೆ ಹೇಳಿಸಿದ. ಐದನೆಯ ಸಲ ಕೇಳಲು ಅವನಿಗೆ ನಾಚಿಕೆಯಾಯಿತು. ಲಾಂಡ್ರಿಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಜನ ಬಾಯಾಡಿಸಿದಾಗ ಅರ್ಥವಾಗದೆ ಇದ್ದರೂ ಏನು ಮಾಡಿ ಅವನಿಗೆ ರೂಢಿಯಾಗಿತ್ತೋ, ಅದನ್ನೇ ಮಾಡಿದ. ತಲೆ ಆಡಿಸಿ ನಕ್ಕ.

ಅಕ್ಕನ ಕೈ ಅಲ್ಲೇ ನಿಂತಿತು.

ಆ ನಗು ಅವಳಿಗೂ ಗೊತ್ತಿದ್ದದ್ದೇ. ಅವಳೂ ದಿನಬೆಳಗಾದರೆ ನೂರು ಜನರ ಮುಂದೆ ನಗುವ ನಗು ಅದು. ತಮ್ಮಿಬ್ಬರ ನಡುವೆ ಅದು ಯಾವತ್ತೂ ಬಂದಿರಲಿಲ್ಲ. ಅವಳು ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಒಂದು ಬೆರಳು ಮುಂದೆ ಬಂತು, ಪರದೆ ಕಪ್ಪಾಯಿತು.

ಆ ವಾರ ಅವನಿಗೆ ತಿಂದ ಅನ್ನ ಮೈಗೆ ಹತ್ತಲಿಲ್ಲ. ಮಂಗಳವಾರ ಮೇಸ್ತ್ರಿಗೆ ‘ಟ್ಯಾಬ್ಲೆಟ್ ತರೋಕೆ ಹೋಗ್ಬೇಕು, ಅರ್ಧ ದಿನ ರಜಾ ಕೊಡಿ’ ಎಂದು ಬರೆದುಕೊಟ್ಟ. ಮೇಸ್ತ್ರಿ ಗಾಬರಿಯಾಗಿ ಅವನ ಹಣೆ ಮುಟ್ಟಿ ನೋಡಿ, ಜ್ವರವೇನೂ ಇಲ್ಲವಲ್ಲ ಎಂದ. ಅದು ಆ ಟ್ಯಾಬ್ಲೆಟ್ ಅಲ್ಲ ಎಂದು ಇನ್ನೊಂದು ಚೀಟಿ ಬರೆಯಬೇಕಾಯಿತು.

ಅಂಗಡಿಯಲ್ಲಿ ಉದ್ದನೆಯ ಮೇಜಿನ ಮೇಲೆ ಟ್ಯಾಬುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದ್ದರು. ಮಾರಾಟದ ಹೆಂಗಸು ನಲವತ್ತರ ಆಸುಪಾಸಿನವಳು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದಳು. ಅವನು ನೇರವಾಗಿ ಕೊನೆಯ ದೊಡ್ಡದರ ಮುಂದೆ ನಿಂತದ್ದನ್ನು ನೋಡಿ ಅವಳು ಪ್ರಾಮಾಣಿಕವಾಗಿಯೇ ಬರೆದಳು: ಬರೀ ವಿಡಿಯೋ ಕಾಲಿಗಾದರೆ ಇದು ಬೇಡ, ದುಡ್ಡು ದಂಡ, ಎರಡನೆಯದೇ ಸಾಕು. ಅವನು ಪೆನ್ಸಿಲ್ಲು ಹಿಡಿದು ಯೋಚಿಸಿದ. ಯಾಕೆ ಸಾಲದು ಎಂದು ಬರೆಯಲು ಹೊರಟರೆ ಅದೊಂದು ಪುಸ್ತಕವಾಗುತ್ತದೆ. ಕೊನೆಗೆ ಚೀಟಿಪುಸ್ತಕವನ್ನು ಜೇಬಿಗೆ ಹಾಕಿ, ಅವಳ ಮುಂದೆ ಎರಡೂ ಕೈ ಎತ್ತಿ ಅಕ್ಕನ ಮಾತಿನಲ್ಲಿ ನಾಲ್ಕು ಸಾಲು ಆಡಿ ತೋರಿಸಿದ. ತುರುಬು, ಟಿಕೆಟ್ಟು, ಹೊಟ್ಟೆಯ ಮೇಲಿನ ಹಿಂಡು. ಆಮೇಲೆ ಚಿಕ್ಕ ಟ್ಯಾಬಿನ ಕಡೆ ಬೆರಳು ಮಾಡಿ, ಕೈಯಿಂದ ಅದರಷ್ಟೇ ಚೌಕ ಬರೆದು, ಆಚೆ ಉಳಿಯುವ ಕೈಯನ್ನು ತೋರಿಸಿದ.

ಅವಳಿಗೆ ತಿಳಿಯಿತು. ಒಂದು ಟ್ಯಾಬು ಅವನ ಕೈಗೆ ಕೊಟ್ಟು, ಉಳಿದವನ್ನು ಒಂದೊಂದಾಗಿ ಅಂಗಡಿಯ ಆ ತುದಿಯಲ್ಲಿ ನಿಲ್ಲಿಸಿ ಕಾಲ್ ಮಾಡಿ, ಬೆರಳು ಆಡಿಸಿದಳು. ಅಗ್ಗದ್ದರಲ್ಲಿ ಬೆರಳು ಮಸುಕಾದವು. ನಡುವಿನದ್ದರಲ್ಲಿ ತಡವಾಗಿ ಬಂದವು. ದೊಡ್ಡದರಲ್ಲಿ ಅವಳ ಉಂಗುರದ ಸವೆದ ಕಲ್ಲೂ ಕಂಡಿತು, ಮೊಣಕಾಲಿನವರೆಗೆ ಅವಳೂ ಕಂಡಳು. ಅವನ ಮುಖ ಅರಳಿದ್ದನ್ನು ನೋಡಿ ವಾಪಸು ಬಂದವಳು ಮುಖ ಸಪ್ಪಗೆ ಮಾಡಿಕೊಂಡು ಬರೆದಳು: ‘ಒಂದು ವಿಷಯ. ಒಳ್ಳೇ ಕ್ಯಾಮೆರಾ ಇರಬೇಕಾದ್ದು ನಿಮ್ಮ ಹತ್ರ ಅಲ್ಲ. ಅವರ ಹತ್ರ. ನೀವು ಇದನ್ನ ತಗೊಂಡು ಹೋದ್ರೆ ಅವರ ಮಸುಕು ಕೈಯೇ ದೊಡ್ಡದಾಗಿ ಕಾಣುತ್ತೆ ಅಷ್ಟೇ.’

ಅವನು ಅದನ್ನು ಎರಡು ಸಲ ಓದಿದ. ಸ್ಟೂಲು ಎಳೆದುಕೊಂಡು ಕೂತ. ಎರಡು ಕೊಳ್ಳುವುದು ಆಗದ ಮಾತು. ಅವಳು ಅವಸರ ಮಾಡಲಿಲ್ಲ. ಪಕ್ಕದಲ್ಲಿ ಕೂತು ಅವನ ಚೀಟಿಪುಸ್ತಕದಲ್ಲೇ ಬರೆಯುತ್ತ ಹೋದಳು. ದೊಡ್ಡದು ಯಾಕೆ ಬೇಕು ಅಂತ ಕೇಳಿದರೆ ಎಲ್ಲರೂ ಕೆಲಸಕ್ಕೆ ಅಂತಾರಂತೆ. ಆಮೇಲೆ ಬಿಲ್ಲು ಮಾಡುವಾಗ ನಿಜ ಹೊರಗೆ ಬರುತ್ತದಂತೆ. ಹೋದ ವಾರ ಒಬ್ಬರು, ಊಟದ ಮೇಜಿನ ಎದುರು ಕುರ್ಚಿಗೆ ಒರಗಿಸಿಡೋಕೆ ಅಂದರಂತೆ. ಹೆಂಡತಿಗೆ ಬೇರೆ ಕಡೆ ಕೆಲಸ, ಮುಖ ಮುಖದಷ್ಟೇ ದೊಡ್ಡದಾಗಿ ಕಂಡರೆ ತುತ್ತು ಇಳಿಯುತ್ತದಂತೆ. ಅದನ್ನು ಬರೆದು ಅವಳು ಕನ್ನಡಕ ಇಳಿಸಿಕೊಂಡು ಬೇರೆ ಕಡೆ ನೋಡಿದಳು.

ಚೀಟಿಯಣ್ಣ ಪೆನ್ಸಿಲ್ಲು ತೆಗೆದುಕೊಂಡ. ‘ಅವಳಿಗೇ ಕಳಿಸ್ತೀನಿ. ಅವಳು ಮಾತಾಡ್ಲಿ, ನಾನು ಕೇಳಿಸ್ಕೋತೀನಿ’ ಎಂದು ಬರೆದ. ಬರೆದ ಮೇಲೆ ಕಿವುಡ ಬರೆದ ಮಾತು ಇದು ಎಂದು ಅವನಿಗೇ ನಗು ಬಂತು. ಅವಳೂ ನಕ್ಕಳು.

ಪಾರ್ಸೆಲ್ಲು ಮುಟ್ಟಲು ಒಂಬತ್ತು ದಿನ ಹಿಡಿಯಿತು. ನಡುವಿನ ಭಾನುವಾರ ಅಕ್ಕ ಕೂರಲಿಲ್ಲ. ಅಮ್ಮನಿಗೆ ಮನಸ್ಸಿಲ್ಲ ಎಂದು ಮಗಳು ತಿಳಿಸಿದಳು. ಅದರ ಮುಂದಿನ ಭಾನುವಾರ ಮಗಳೇ ಹೊಸ ಟ್ಯಾಬನ್ನು ಸ್ಟ್ಯಾಂಡಿಗೆ ನಿಲ್ಲಿಸಿ, ಪರದೆಗೆ ಕೈ ಬೀಸಿ, ಆಚೆ ಸರಿದಳು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಮೊಣಕಾಲಿನವರೆಗೆ ಕಾಣುತ್ತಿದ್ದಳು. ಅವಳ ಕೂದಲು ಇಷ್ಟು ಬೆಳ್ಳಗಾಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ತನ್ನ ಚಿಕ್ಕ ಟ್ಯಾಬನ್ನು ಮೂಗಿನ ಹತ್ತಿರ ಹಿಡಿದು ಅವನು ಅವಳನ್ನು ತಲೆಯಿಂದ ಕೆಳಗೆ ನೋಡುತ್ತ ಬಂದ. ತೊಡೆಯ ಮೇಲೆ ಬಂದು ಅವನ ಕಣ್ಣು ನಿಂತಿತು. ಅವಳ ಬಲಗೈ ಅಲ್ಲಿ ಅಂಗೈ ಮೇಲಾಗಿ ಬಿದ್ದಿತ್ತು. ಬೇರೆ ಯಾರೋ ಮರೆತು ಇಟ್ಟುಹೋದ ಸಾಮಾನಿನ ಹಾಗಿತ್ತು. ಅವನ ನೋಟ ಎಲ್ಲಿದೆಯೆಂದು ಅವಳಿಗೆ ಗೊತ್ತಾಯಿತು. ಎಡಗೈಯಿಂದ ಶಾಲು ಎಳೆದು ಅದರ ಮೇಲೆ ಹಾಕಿಕೊಂಡಳು.

“ಅಕ್ಕ, ಬಲಗೈ ಎತ್ತು,” ಎಂದ ಅವನು, ಟ್ಯಾಬನ್ನು ಮುಂದೆ ಒರಗಿಸಿಟ್ಟು.

“ಹೊಸದು ಚೆನ್ನಾಗಿದೆ. ಭಾರ ಜಾಸ್ತಿ,” ಎಂದು ಅವಳು ಎಡಗೈಯಲ್ಲಿ ಹೇಳಿದಳು.

“ಬಲಗೈ ಎತ್ತು.”

ಅವಳು ಶಾಲು ಸರಿಸಿ, ಎಡಗೈಯಿಂದ ಬಲಗೈಯನ್ನು ಮಲಗಿದ ಮಗುವನ್ನು ಎತ್ತುವಂತೆ ಎತ್ತಿ, ಅವನಿಗೆ ತೋರಿಸಿ, ಮತ್ತೆ ತೊಡೆಯ ಮೇಲೆ ಮಲಗಿಸಿದಳು.

“ಯಾವಾಗ?”

“ಐದು ತಿಂಗಳಾಯ್ತು. ಬೆಳಗ್ಗೆ ಹಾಸಿಗೆಯಿಂದ ಏಳೋವಾಗ ಮೈಯ ಒಂದು ಕಡೆ ಇರಲೇ ಇಲ್ಲ. ಕಾಲು ವಾಪಸ್ ಬಂತು. ಇದು ಬರಲಿಲ್ಲ.”

“ನನಗೆ ಯಾಕೆ ಹೇಳಲಿಲ್ಲ?”

ಅಕ್ಕ ನಿಧಾನವಾಗಿ, ಒಂದೊಂದೇ ಸನ್ನೆಯನ್ನು ಬಿಡಿಸಿ ಇಟ್ಟಳು.

“ಮೊದಲು ಮುಚ್ಚಿಟ್ಟೆ. ಆಮೇಲೆ ತಡೆಯೋಕಾಗಲಿಲ್ಲ, ಹೇಳಿದೆ. ಆ ಭಾನುವಾರ ಪೂರ್ತಿ ಇದನ್ನೇ ಹೇಳಿದೆ. ನೀನು ನಕ್ಕೆ.”

ಇಷ್ಟು ತಿಂಗಳು ಒಂದೇ ಕೆನ್ನೆ ಹಿಂಡಿದ್ದು, ಅರ್ಧ ಬಂದ ಮಾತು, ಕಲಸಿಹೋದ ಕಥೆ, ಎಲ್ಲದಕ್ಕೂ ಅವನು ಆ ಬಡಪಾಯಿ ಟ್ಯಾಬನ್ನು ಬೈದಿದ್ದ. ಅದು ತನಗೆ ಕಂಡದ್ದನ್ನು ಕಂಡ ಹಾಗೆಯೇ ತೋರಿಸಿತ್ತು. ತಪ್ಪಾಯಿತು ಎಂದು ಹೇಳಲು ಅವರ ಮಾತಿನಲ್ಲಿ ಬೆರಳಗಂಟಿನಿಂದ ತಲೆಗೆ ಎರಡು ಸಲ ಕುಟ್ಟಿಕೊಳ್ಳಬೇಕು. ಅವನು ಲೆಕ್ಕ ತಪ್ಪಿ ಕುಟ್ಟಿಕೊಂಡ. ಅವಳು ಸಾಕು ಎಂದು ಕೈ ಅಡ್ಡ ಹಿಡಿಯುವವರೆಗೂ ಕುಟ್ಟಿಕೊಂಡ.

“ಅರ್ಥ ಆಗ್ಲಿಲ್ಲ ಅನ್ನಬಾರದಿತ್ತಾ?” ಎಂದಳು.

“ನಾಲ್ಕು ಸಲ ಅಂದಿದ್ದೆ. ಇನ್ನೂ ಕೇಳಿದರೆ ನಿನಗೆ ಬೇಜಾರಾಗುತ್ತೆ ಅಂತ.”

“ನನಗೆ ನಿನ್ನ ಹತ್ರ ಬೇಜಾರಾ?” ಅವಳ ಎಡಗೈ ಹೊಟ್ಟೆಯ ಮೇಲೆ ಅರ್ಧ ಬಟ್ಟೆಯನ್ನೇ ಹಿಂಡಿತು. “ಇಲ್ಲಿ ಇವರಿಗೆ ತೋರಿಸೋಕೆ ಒಂದು ಬೆರಳು ಸಾಕು. ಅದು, ಇದು, ಬೇಕು, ಬೇಡ. ಡಾಕ್ಟರಿಗೆ ತೋರಿಸಿದರು, ಔಷಧಿ ತಂದರು, ತಲೆ ಬಾಚಿದರು. ಬಹಳ ಚೆನ್ನಾಗಿ ನೋಡ್ಕೊಂಡರು. ಆದರೆ ಕೈ ಹೋಯ್ತು ಅಂದುಕೊಂಡರೇ ಹೊರತು, ನನ್ನ ಮಾತು ಹೋಯ್ತು ಅಂತ ಈ ಮನೇಲಿ ಒಬ್ಬರಿಗೂ ಹೊಳೀಲಿಲ್ಲ.”

ಆ ಸಂಜೆ ಅಕ್ಕನ ಮಗಳಿಗೆ ಅವನು ಕಟುವಾಗಿಯೇ ಬರೆದ. ಅವಳಿಂದ ಉತ್ತರ ಬಂತು. ನಿಮಗೆ ಹೇಳ್ತೀನಿ ಅಂದಾಗೆಲ್ಲ ಅಮ್ಮ ಬೇಡ ಬೇಡ ಅಂತ ಅಳುತ್ತ ತಲೆ ಆಡಿಸ್ತಿದ್ದಳು ಮಾವ, ಯಾಕೆ ಅಂತ ಕೇಳೋಕೆ ನನಗೆ ಕೈ ಬರಲಿಲ್ಲ, ಎಂದು ಬರೆದಿದ್ದಳು. ಕೊನೆಯ ಸಾಲನ್ನು ಓದಿದ ಮೇಲೆ ಅವನ ಸಿಟ್ಟು ಎಲ್ಲಿಯೂ ನಿಲ್ಲಲು ಜಾಗ ಸಿಗದೆ ಇಳಿದುಹೋಯಿತು.

ಎಂಟು ದಿನ ರಜಾ ಹಾಕಿ ಹೋದ. ನಾಲ್ಕು ದಿನ ರೈಲಿಗೇ ಕಳೆದವು, ನಾಲ್ಕು ದಿನ ಅಕ್ಕನ ಎದುರು ಕೂತ. ಎರಡು ಕೈಯಲ್ಲಿದ್ದ ಮಾತನ್ನು ಒಂದು ಕೈಗೆ ಇಳಿಸುವ ಕೆಲಸ ಶುರುವಾಯಿತು. ಟಿಕೆಟ್ಟನ್ನು ಒಂದೇ ಕೈಯಿಂದ ಹರಿಯಲಾಗದು. ಹಲ್ಲಲ್ಲಿ ಕಚ್ಚಿ ಹರಿಯೋಣ ಎಂದಳು. ಅಪ್ಪ ಯಾವತ್ತೂ ಹಾಗೆ ಹರಿದವನಲ್ಲ ಎಂದು ಅವನು ಜಗಳ ತೆಗೆದ. ಅಪ್ಪನಿಗೆ ಎರಡು ಕೈ ಇದ್ದವು ಎಂದಳು. ಅಲ್ಲಿಗೆ ಅವನು ಸೋತ. ತುರುಬು ಒಂದು ಕೈಗೆ ಅರ್ಧವಾಯಿತು, ಆದರೂ ಅಮ್ಮನೇ. ಕೆಲವು ಮಾತುಗಳನ್ನು ಹೇಗೆ ತಿರುಗಿಸಿದರೂ ಒಂದು ಕೈಗೆ ಬರಲಿಲ್ಲ. ಅವನ್ನು ಬಿಟ್ಟರು. ನಾಲ್ಕನೆಯ ದಿನ ಭಾವ ಬಂದು ಬಾಗಿಲಲ್ಲಿ ನಿಂತು, ಇಬ್ಬರ ಕೈಗಳನ್ನೂ ಬಹಳ ಹೊತ್ತು ನೋಡಿ, ಏನೋ ಕೇಳಬೇಕೆಂದವನು ಕೇಳದೆ ಒಳಗೆ ಹೋದ.

ವಾಪಸು ಬಂದ ಮೇಲೆ ಕೋಣೆ ಮೊದಲಿಗಿಂತ ಖಾಲಿಯಾಗಿತ್ತು. ಒಂದು ಹಾಸಿಗೆ, ಒಂದು ಸ್ಟೋವು, ಗೂಟಕ್ಕೆ ನೇತುಹಾಕಿದ ಎರಡು ಅಂಗಿ. ಭಾನುವಾರ ಅಕ್ಕನ ಜೊತೆ ಸಮವಾಗಿರಲೆಂದು ಅವನೂ ಒಂದೇ ಕೈಯಲ್ಲಿ ಮಾತಾಡತೊಡಗಿದ. ಅವಳು ಸಿಟ್ಟಾದಳು.

“ನೀನು ಎರಡರಲ್ಲೂ ಆಡು. ನನ್ನಿಂದಾಗಲ್ಲ, ನೋಡೋಕಾದರೂ ಬೇಡವಾ? ನಿನ್ನ ಕೈಯಲ್ಲಿ ಬಿಟ್ಟರೆ ಆ ಮಾತು ಇನ್ನೆಲ್ಲೂ ಇಲ್ಲ. ಅದೂ ನಿನ್ನ ಆ ಡಬ್ಬದಲ್ಲಿ ಹಿಟ್ಟು ಕಲಸಿದ ಹಾಗೆ ಕಾಣುತ್ತೆ.”

ಅದಕ್ಕಾಗಿ ಆರು ತಿಂಗಳು ಓವರ್‌ಟೈಮು ಮಾಡಿದ. ಕೈಯಲ್ಲಿ ಬೊಬ್ಬೆ ಎದ್ದವು. ಮತ್ತೆ ಅದೇ ಅಂಗಡಿಗೆ ಹೋದಾಗ ಆ ಹೆಂಗಸು ಗುರುತು ಹಿಡಿದು, ಕೇಳದೆಯೇ ಕೊನೆಯ ದೊಡ್ಡದನ್ನು ಎತ್ತಿ ಮುಂದಿಟ್ಟಳು. ಲಾಂಡ್ರಿಯಲ್ಲಿ ಸುದ್ದಿಯಾಯಿತು. ಚೀಟಿಯಣ್ಣ ಸಿನಿಮಾ ಥಿಯೇಟರನ್ನೇ ಕೊಂಡುಬಿಟ್ಟ ಎಂದು ಮೇಸ್ತ್ರಿ ರೇಗಿಸಿದ. ಮನೆಯವರ ಜೊತೆ ಮಾತಾಡೋಕೆ ಚಿಕ್ಕದು ಸಾಲದಾ ಎಂದು ಜೊತೆಗಾರ ಚೀಟಿಯಲ್ಲಿ ಕೇಳಿದ. ಚೀಟಿಯಣ್ಣ ಉತ್ತರ ಬರೆಯಲು ಶುರು ಮಾಡಿದ. ಅಷ್ಟರಲ್ಲಿ ಮುಂದಿನ ಹಾಸುಬಟ್ಟೆ ಬಂತು, ಇಬ್ಬರೂ ತುದಿ ಹಿಡಿದು ದೂರ ಸರಿದರು.

ಮುಂದಿನ ಭಾನುವಾರಗಳಲ್ಲಿ ಅವನು ನೆನಪಾದ ಮಾತುಗಳನ್ನೆಲ್ಲ ಎರಡು ಕೈಯಲ್ಲಿ ಆಡಿ ತೋರಿಸುತ್ತ ಹೋದ. ಅವಳು ಕಣ್ಣು ಕೀಲಿಸಿ ನೋಡುತ್ತಿದ್ದಳು. ತಪ್ಪಿದರೆ ತಿದ್ದುತ್ತಿದ್ದಳು. ಕಂಬಳಿ, ಸಾಲ, ಸೊಕ್ಕಿನವಳು, ಸಂಜೆಯ ಬಸ್ಸು, ಹಲ್ಲುನೋವು. ಒಂದು ದಿನ ಅವನಿಗೆ ಅಮ್ಮ ಬಾಗಿಲಲ್ಲಿ ನಿಂತು ಮಾಡುತ್ತಿದ್ದ ಒಂದು ಸನ್ನೆ ನೆನಪಾಯಿತು. ಎರಡೂ ಅಂಗೈಗಳನ್ನು ಎದೆಯ ಹತ್ತಿರ ಒಂದರ ಮೇಲೊಂದು ಇಟ್ಟು, ಮೆಲ್ಲಗೆ ಮುಂದಕ್ಕೆ ತಂದು, ಬಿಚ್ಚುವುದು. ಮಾಡಿ ತೋರಿಸಿದ.

ಅಕ್ಕನ ಮುಖ ಬೆಳಗಿತು. ಹೌದು, ಅಮ್ಮ ಅದನ್ನು ಮಾಡುತ್ತಿದ್ದಳು, ದಿನಾ ಮಾಡುತ್ತಿದ್ದಳು ಎಂದಳು. ಅವನು ಕಾದ.

“ಏನು ಅರ್ಥ?” ಎಂದು ಅವಳು ಕೇಳಿದಳು.

“ನಿನಗೆ ಗೊತ್ತಿರುತ್ತೆ ಅಂತ ನಾನು ಮಾಡಿದೆ.”

ಬೇಗ ಬಾ ಎಂದಿರಬಹುದು ಎಂದಳು. ಅಲ್ಲ, ಅದಕ್ಕೆ ಬೇರೆ ಇತ್ತು ಎಂದ. ಹೋಗಿ ಬಾ? ಅದಕ್ಕೂ ಬೇರೆ ಇತ್ತು. ಬಾಗಿಲು ಹಾಕಿಕೋ? ಮಳೆ ನಿಂತಿತು? ಒಂದೂ ಕೂಡಿಬರಲಿಲ್ಲ. ಕೇಳೋಣವೆಂದರೆ ಮೂರನೆಯವರು ಯಾರಿದ್ದರು? ಅವಳ ಹಿಂದಿನ ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು. ತೊಡೆಯ ಮೇಲಿನ ಬಲಗೈಯನ್ನು ಅವಳು ಎಡಗೈಯಿಂದ ಸವರುತ್ತಿದ್ದಳು.

“ಇನ್ನೊಂದು ಸಲ ಮಾಡು. ನಿಧಾನಕ್ಕೆ,” ಎಂದಳು.

ಅವನು ಅಂಗೈಗಳನ್ನು ಎದೆಯ ಹತ್ತಿರ ಜೋಡಿಸಿ, ಮುಂದಕ್ಕೆ ತಂದು, ಬಿಚ್ಚಿದ.

“ಇನ್ನೊಂದು ಸಲ.”

ಮಗಳು ಬಂದು ಔಷಧಿಯ ಹೊತ್ತಾಯಿತೆಂದು ಅಕ್ಕನ ಭುಜ ಮುಟ್ಟುವವರೆಗೂ ಅವನು ಮಾಡುತ್ತಲೇ ಇದ್ದ. ಕಾಲ್ ಮುಗಿದ ಮೇಲೆ ಟ್ಯಾಬಿಗೆ ಬಟ್ಟೆ ಮುಚ್ಚಿ, ಸೋಮವಾರದ ಅಂಗಿಯನ್ನು ಬಕೆಟ್ಟಿನಲ್ಲಿ ನೆನೆಹಾಕಲು ಎದ್ದ.